ಕುಲುಮೆಗೆ ತಕ್ಕ ಜ್ವಾಲೆ: ಕರ್ನಾಟಕದ ಬರ್ನರ್ ವಿದ್ಯೆಯ ಒಂದು ಸಮೀಕ್ಷೆ

ಬೆಂಗಳೂರಿನ ಬಿಟಿಎಂ ಲೇಔಟಿನ ಬೇಕರಿ, ದರ್ಶಿನಿಗಳಿಂದ ಹಿಡಿದು ಬೊಮ್ಮಸಂದ್ರ, ಪೀಣ್ಯದ ಕಾರ್ಖಾನೆಗಳವರೆಗೆ ಈಗ ಒಂದೇ ಮಾತು: ಪೈಪ್ ಗ್ಯಾಸ್ ಬಂದರೆ ಸಾಕು, ಎಲ್ಲ ತಾಪತ್ರಯ ಮುಗಿಯಿತು. ಬರ್ನರ್ ಕೂರಿಸುವ ಕೆಲಸದಲ್ಲೇ ತಲೆ ನರೆತ ನನಗೆ ಇದು ಅರ್ಧಸತ್ಯ. ಇಂಧನ ಶಾಖ ಕೊಡುತ್ತದೆ, ನಿಜ. ಆ ಶಾಖ ಸರಕಿಗೆ ಮುಟ್ಟುವುದು ಜ್ವಾಲೆಯ ಉದ್ದ, ಅಗಲ, ವೇಗಗಳು ಕುಲುಮೆಗೆ ಹೊಂದಿದಾಗ ಮಾತ್ರ.

1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ, 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆ: ಇಲ್ಲೆಲ್ಲ ಗೂಡನ್ನೂ ಉರಿಯನ್ನೂ ಒಟ್ಟಿಗೇ ಕಟ್ಟುತ್ತಿದ್ದರು. ಎಣ್ಣೆ ಬರ್ನರ್ ಬಂದ ಮೇಲೆ ಎರಡೂ ಬೇರೆಯಾದವು. ಮುಂದೆ ಫ್ಯಾನ್, ಪಂಪ್, ಕಿಡಿ ಒಂದೇ ಮೈಯಲ್ಲಿರುವ ಮೊನೊಬ್ಲಾಕ್ ಬಂತು. ಕೆಲಸ ಹಗುರಾಯಿತು, ಕ್ಯಾಟಲಾಗಿನ ಕಿಲೋವ್ಯಾಟ್ ನೋಡಿ ಬರ್ನರ್ ಆರಿಸುವ ಕೆಟ್ಟ ಚಾಳಿಯೂ ಅಂಟಿತು.

ಬಾಯ್ಲರಿನ ಉದ್ದನೆಯ ಕೊಳವೆಗೆ ನೀಳ ಜ್ವಾಲೆ, ಎದುರೊತ್ತಡ ಮೀರುವ ಫ್ಯಾನ್ ಬೇಕು. ಉಕ್ಕು ಹದಮಾಡುವ ಕುಲುಮೆಗೆ ಬಿಸಿಗಾಳಿಯನ್ನು ಮೂಲೆಮೂಲೆಗೂ ಸುತ್ತಿಸುವ ಅತಿವೇಗದ ಬರ್ನರ್ ಒಪ್ಪುತ್ತದೆ. ಕೊಳವೆಯಲ್ಲಿ ಹರಿಯುವ ಎಣ್ಣೆಯನ್ನು ಕಾಯಿಸುವ ಥರ್ಮಿಕ್ ಫ್ಲೂಯಿಡ್ ಹೀಟರ್ ಎಲ್ಲಕ್ಕಿಂತ ಸೂಕ್ಷ್ಮ. ಅಲ್ಲಿ ಜ್ವಾಲೆ ಸುರುಳಿ ಕೊಳವೆಗೆ ತಾಗಿದರೆ ಒಳಗೋಡೆಗಂಟಿದ ತೆಳುಪದರದ ಎಣ್ಣೆ ಮೊದಲು ಸೀಯುತ್ತದೆ. ಇಂಗಾಲ ಗಟ್ಟಿಯಾಗಿ ಕೂರುತ್ತದೆ, ಶಾಖ ಎಣ್ಣೆಗೆ ದಾಟದೆ ಕೊಳವೆಯೇ ಕಾದು ಕೊನೆಗೆ ತೂತಾಗುತ್ತದೆ. ಅಲ್ಲಿಯವರೆಗೂ ಹೊರಗಿನ ಮೀಟರು ಸರಿಯಾದ ಉಷ್ಣತೆಯನ್ನೇ ತೋರಿಸುತ್ತಿರಬಹುದು.

ಕುಲುಮೆಗೆ ತಕ್ಕ ಜ್ವಾಲೆ ಎಂಬ ಈ ವಿವೇಕವನ್ನು ನಮ್ಮ ತಲೆಮಾರಿಗೆ ಕಲಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಪಾತ್ರೆಯನ್ನೂ ಉರಿಯನ್ನೂ ಮತ್ತೆ ಒಟ್ಟಿಗೆ ನೋಡಿತು. ಎಚ್.ಎಸ್. ಮುಕುಂದ ಮತ್ತು ಸಂಗಡಿಗರ ಗ್ಯಾಸಿಫೈಯರ್ ಕೆಲಸ ಇನ್ನೂ ದೊಡ್ಡ ಪಾಠ. ಸೌದೆಯಿಂದ ಹುಟ್ಟುವ ಪ್ರೊಡ್ಯೂಸರ್ ಗ್ಯಾಸಿನ ಘನಮೀಟರಿಗೆ ಸುಮಾರು 1,100 ಕಿಲೋಕ್ಯಾಲೊರಿ. ಉರಿಯಲು ಬೇಕಾದ ಗಾಳಿ ತನ್ನ ಗಾತ್ರಕ್ಕಿಂತ ತುಸು ಹೆಚ್ಚು. ಎಲ್‌ಪಿಜಿಗೆ ಬೇಕಾದದ್ದು ಸುಮಾರು 25 ಪಟ್ಟು. ಒಂದರ ಬರ್ನರ್ ಇನ್ನೊಂದಕ್ಕೆ ಆಗುವುದೇ ಇಲ್ಲ. ಬೆಂಗಳೂರಿನ ಟೈಡ್ ಸಂಸ್ಥೆ ಇದೇ ದಾರಿಯಲ್ಲಿ ನಡೆದು, ರೇಷ್ಮೆ ನೂಲು ಬಿಚ್ಚುವವರು, ಅಡಿಕೆ ಬೇಯಿಸುವವರು ಬಳಸುವ ಒಲೆಗಳನ್ನು ಆಯಾ ಕೆಲಸಕ್ಕೆ ತಕ್ಕಂತೆ ತಿದ್ದಿತು. ಆಮದು ಮೊನೊಬ್ಲಾಕ್‌ಗಳಿಗಿಂತ ಇದು ನಿಜವಾದ ಎಂಜಿನಿಯರಿಂಗ್.

2013ರಲ್ಲಿ ದಾಭೋಲ್–ಬೆಂಗಳೂರು ಕೊಳವೆಮಾರ್ಗ ಚಾಲನೆಗೊಂಡಿತು. ಅಂದಿನಿಂದ ಚರ್ಚೆಯೆಲ್ಲ ದರದ್ದು, ಸಂಪರ್ಕದ್ದು; ಬರ್ನರಿನ ಮಾತೇ ಇಲ್ಲ. 30 ಮಿಲಿಬಾರ್ ಒತ್ತಡದ ಎಲ್‌ಪಿಜಿ ಒಲೆಯ ಜೆಟ್ಟನ್ನು ಹಾಗೇ ಬಿಟ್ಟು 21 ಮಿಲಿಬಾರಿನ ನೈಸರ್ಗಿಕ ಅನಿಲ ಕೊಟ್ಟರೆ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜೆಟ್ಟಿನ ತೂತು ದೊಡ್ಡದಾಗಬೇಕು, ಗಾಳಿಯ ಕಿಂಡಿಯನ್ನು ಮತ್ತೆ ಹೊಂದಿಸಬೇಕು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯಬೇಕು. ಬಾಯ್ಲರುಗಳ ಸುರಕ್ಷತೆಗಾದರೆ 1923ರಿಂದಲೂ ಕಾಯ್ದೆಯಿದೆ, 2025ರಲ್ಲಿ ಅದು ಹೊಸದಾಯಿತು. ಬೇಕರಿಯ ಓವನ್ನಿಗೆ, ಅಡಿಕೆ ಒಲೆಗೆ, ಸಣ್ಣ ಅಲ್ಯೂಮಿನಿಯಂ ಕುಲುಮೆಗೆ ಅಂಥ ದಿಕ್ಕಿಲ್ಲ. ಅವನ್ನು ಹೊಂದಿಸುವ ಮೆಕ್ಯಾನಿಕ್ಕಿನ ಅನುಭವವನ್ನು ಬರೆದಿಡುವವರೂ ಇಲ್ಲ. ಗ್ಯಾಸ್ ಸಂಪರ್ಕ ಕೊಡುವ ದಿನವೇ ಜ್ವಾಲೆಯನ್ನೂ ಹೊಗೆಯನ್ನೂ ಪರೀಕ್ಷಿಸುವುದು ಕಡ್ಡಾಯವಾಗಲಿ. ಐಟಿಐಗಳಲ್ಲಿ ಈ ವಿದ್ಯೆಯನ್ನು ಕನ್ನಡದಲ್ಲೇ ಕಲಿಸಲಿ.