ತಿರುಗುವ ಮರಕ್ಕೆ ಅರಗಿನ ಮೆರುಗು

ತಿರುಗಣಿಯಲ್ಲಿ ಕಡೆದ ಮರ ಇನ್ನೂ ತಿರುಗುತ್ತಿರುವಾಗಲೇ ಉಜ್ಜುವಿಕೆಯ ಬಿಸಿಯೊಂದನ್ನೇ ನೆಚ್ಚಿಕೊಂಡು ಅದಕ್ಕೆ ಬಣ್ಣವನ್ನೂ ಹೊಳಪನ್ನೂ ಏಕಕಾಲಕ್ಕೆ ಕೊಡುವ ವಿದ್ಯೆ ಕರ್ನಾಟಕದಲ್ಲಿ ಚನ್ನಪಟ್ಟಣದ ಹೆಸರಿನೊಡನೆ ಬೆಸೆದುಕೊಂಡಿದೆ. ಆ ಊರಿನ ಬೊಂಬೆಗಳಿಗೆ ಸಂದಿರುವ ಖ್ಯಾತಿಯಲ್ಲಿ ಬೊಂಬೆಯ ಮೈಮೇಲಿನ ಮೆರುಗಿಗೆ ಸಿಕ್ಕಿರುವ ಪಾಲು ಅಲ್ಪ. ಆದರೆ ಈ ಕಸುಬಿನ ವಯಸ್ಸನ್ನು ಅಳೆಯಬೇಕಾದವರು ಬೊಂಬೆಗಿಂತ ಮೊದಲು ಮೆರುಗನ್ನೇ ನೋಡಬೇಕಾಗುತ್ತದೆ.

ಮೆರುಗಿನ ಮೂಲದ್ರವ್ಯ ಅರಗು. ಮುತ್ತುಗ, ಬೋರೆ, ಸಾಗಡೆ ಮೊದಲಾದ ಮರಗಳ ಎಳೆಗೊಂಬೆಗಳಿಗೆ ಗುಂಪಾಗಿ ಕಚ್ಚಿಕೊಂಡು ರಸ ಹೀರುವ ಸಣ್ಣ ಹುಳು ತನ್ನ ಸುತ್ತ ಸ್ರವಿಸಿಕೊಳ್ಳುವ ರಾಳವೇ ಅದು. ಹಳೆಯ ಮೈಸೂರು ಸೀಮೆಯಲ್ಲಿ ಜಾಲಾರಿ ಮರವೂ ಈ ಹುಳುವಿಗೆ ಆಸರೆಯಾಗಿತ್ತು. ಕೊಂಬೆಯಿಂದ ಕೆರೆದು ತೆಗೆದ ಅರಗನ್ನು ಕುಟ್ಟಿ ತೊಳೆದರೆ ಅದರೊಳಗಿನ ಕೆಂಪು ಬಣ್ಣ ನೀರಿಗೆ ಬಿಟ್ಟುಕೊಂಡು ಕಾಳಿನಂಥ ರಾಳ ಉಳಿಯುತ್ತದೆ, ಅದನ್ನು ಕರಗಿಸಿ ಸೋಸಿ ತೆಳುವಾಗಿ ಎಳೆದರೆ ವ್ಯಾಪಾರದಲ್ಲಿ ಶೆಲ್ಲ್ಯಾಕ್ ಎನ್ನುವ ಹಾಳೆಯರಗು ಸಿಗುತ್ತದೆ. ಪಾಂಡವರ ಅರಗಿನ ಮನೆಯ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಈ ವಸ್ತು ಬೆಂಕಿಗೆ ಸುಲಭದ ತುತ್ತೆಂಬುದು ಗೊತ್ತು. ಕಡಸಲುಗಾರನಿಗೆ, ಅಂದರೆ ತಿರುಗಣಿಯಲ್ಲಿ ಮರ ಕಡೆಯುವವನಿಗೆ, ಬೇಕಾದದ್ದು ಅದರ ಇನ್ನೊಂದು ಗುಣ: ಅದು ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ತಣಿದೊಡನೆ ಗಟ್ಟಿಯಾಗುತ್ತದೆ. ಒಲೆಯ ಹಂಗಿಲ್ಲದೆ ಬರಿಯ ಉಜ್ಜುವಿಕೆಯಿಂದಲೇ ಹುಟ್ಟಿಸಬಹುದಾದಷ್ಟು ಬಿಸಿ ಅದು.

ಕೆಲಸದ ಕ್ರಮ ಹೇಳಲು ಸರಳ, ಕೈಗೆ ಬರಲು ಕಷ್ಟ. ಕೆಂಡದ ಶಾಖದಲ್ಲಿ ಮೆತ್ತಗಾದ ಅರಗಿಗೆ ಬಣ್ಣದ ಪುಡಿ ಬೆರೆಸಿ, ಬಡಿದು, ಎಳೆದು, ಮಡಚಿ ಮತ್ತೆ ಎಳೆದು, ಬಣ್ಣ ಒಂದೇ ಸಮನಾಗಿ ಹರಡಿದ ಮೇಲೆ ಅದನ್ನು ಕಡ್ಡಿಯ ರೂಪಕ್ಕೆ ತರುತ್ತಾರೆ. ಮರವೆಂದರೆ ಚನ್ನಪಟ್ಟಣದಲ್ಲಿ ಬಹುಕಾಲ ಆಲೆ ಮರವೇ. ಹಾಲೆ ಎಂದೂ ಕರೆಯುವ, ಕೊಂಬೆ ಮುರಿದರೆ ಹಾಲು ಸುರಿಸುವ, ದಂತದಂತೆ ಬಿಳುಪಾದ ಮತ್ತು ನಯವಾದ ಎಳೆಯುಳ್ಳ ಈ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ತಿರುಗಣಿಗೆ ಸಿಕ್ಕಿಸಿ, ಉಳಿಯಿಂದ ಆಕಾರಕ್ಕೆ ತಂದು ಉಜ್ಜುಕಾಗದದಿಂದ ನುಣುಪು ಮಾಡುತ್ತಾರೆ. ಬಳಿಕ ತಿರುಗುವ ಮೈಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಅದರ ತುದಿ ಕರಗಿ ಮರಕ್ಕೆ ಹತ್ತುತ್ತದೆ. ಆಗ ಅದು ಏರುತಗ್ಗಾಗಿ, ಮಂಕಾಗಿ ಕಾಣುತ್ತದೆ. ಅದನ್ನು ಹರಡಿ ಗಾಜಿನ ಹೊಳಪಿಗೆ ತರುವುದು ಕೇದಗೆಯ ಗರಿ, ಎಂದರೆ ತಾಳೆಹೂವಿನ ಗಿಡದ ಉದ್ದನೆಯ ಎಲೆ. ಗಟ್ಟಿ ನಾರಿನಿಂದಾಗಿ ಅದು ಬಿಸಿಗೂ ಒತ್ತಡಕ್ಕೂ ಹರಿಯದು. ಮೇಲ್ಮೈ ನಯವಾಗಿರುವುದರಿಂದ ಬಟ್ಟೆಯಂತೆ ಕರಗಿದ ಅರಗನ್ನು ಹೀರಿಕೊಳ್ಳದೆ ಮುಂದಕ್ಕೆ ತಳ್ಳುತ್ತದೆ. ಒತ್ತಡ ಕಡಿಮೆಯಾದರೆ ಅರಗು ಕರಗುವುದಿಲ್ಲ, ಹೆಚ್ಚಾದರೆ ಹತ್ತಿದ ಬಣ್ಣವೇ ಕಿತ್ತು ಬರುತ್ತದೆ. ಇವೆರಡರ ನಡುವಿನ ಹದವನ್ನು ಬೆರಳೇ ಬಲ್ಲದು.

ಈ ವಿದ್ಯೆಯ ಹುಟ್ಟನ್ನು ಕುರಿತು ಚನ್ನಪಟ್ಟಣದಲ್ಲಿ ಪ್ರಚಲಿತವಾಗಿರುವುದು ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಐತಿಹ್ಯ. ಊರಿನ ಕಸುಬಿಗೆ ಅರಮನೆಯ ಆಶ್ರಯ ಸಿಕ್ಕಿರಬಹುದಾದರೂ ಮೆರುಗಿನ ವಿಧಾನವನ್ನೇ ಆ ಕಾಲಕ್ಕೆ ಕಟ್ಟಿಹಾಕುವುದು ಸರಿಯಲ್ಲ. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟೆನ್ 1596ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಈ ದೇಶದ ಕಡಸಲುಗಾರರು ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತುವುದನ್ನೂ, ತಿರುಗುವಿಕೆಯ ಬಿಸಿಗೆ ಅದು ಕರಗಿ ಮರದ ಸಂದುಗಳಿಗೆ ಇಳಿಯುವುದನ್ನೂ, ಆಮೇಲೆ ಅಗಲವಾದ ಒಣಹುಲ್ಲಿನಿಂದ ಉಜ್ಜಿ ಗಾಜಿನಂತೆ ಹೊಳೆಯಿಸುವುದನ್ನೂ ಬರೆದಿದ್ದಾನೆ. ಟಿಪ್ಪುವಿನ ಆಳ್ವಿಕೆಗೆ ಎರಡು ಶತಮಾನಗಳಷ್ಟು ಹಿಂದಿನ ಈ ವರ್ಣನೆಯನ್ನು ಇಂದಿನ ಚನ್ನಪಟ್ಟಣದ ಕೆಲಸದ ಪಕ್ಕದಲ್ಲಿಟ್ಟರೆ ಹುಲ್ಲಿನ ಜಾಗಕ್ಕೆ ಕೇದಗೆ ಬಂದಿರುವುದನ್ನು ಬಿಟ್ಟು ಹೆಚ್ಚಿನ ವ್ಯತ್ಯಾಸ ತೋರುವುದಿಲ್ಲ. ಇನ್ನು 1800ರಲ್ಲಿ, ಟಿಪ್ಪು ಮಡಿದ ಮರುವರ್ಷವೇ, ಚನ್ನಪಟ್ಟಣವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ನನ ಗಮನ ಸೆಳೆದದ್ದು ಅಲ್ಲಿನ ಗಾಜಿನ ಕೆಲಸ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಮತ್ತು ಸಕ್ಕರೆ; ಅದೇ ಶತಮಾನದ ಕೊನೆಯ ಹೊತ್ತಿಗೆ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಊರಿನ ಹೆಸರುವಾಸಿ ಸರಕುಗಳ ನಡುವೆ ಅರಗಿನ ಸಾಮಾನನ್ನೂ ಆಟಿಕೆಯನ್ನೂ ಎಣಿಸುತ್ತಾರೆ. ಆದ್ದರಿಂದ ವಿಧಾನ ಹಳೆಯದು, ಚನ್ನಪಟ್ಟಣ ಅದರಿಂದ ಹೆಸರಾದದ್ದು ಈಚಿನದು ಎಂದುಕೊಳ್ಳುವುದೇ ಹೆಚ್ಚು ಸಮಂಜಸ. ಆಂಧ್ರದ ಏಟಿಕೊಪ್ಪಾಕ, ಗುಜರಾತಿನ ಸಂಖೇಡ ಮುಂತಾದ ದೂರದೂರದ ಊರುಗಳಲ್ಲೂ ಇದೇ ಬಗೆಯ ಅರಗಿನ ಕೆಲಸ ಇರುವುದು ಈ ಎಣಿಕೆಗೆ ಪೂರಕ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಬೊಂಬೆಗಳ ಮಾದರಿಯನ್ನು ಇಲ್ಲಿಗೆ ಹೊಂದಿಸಿದವರೆಂದು ಬಾವಾಸ್ ಮಿಯಾನ್ ಅವರನ್ನು ಊರು ನೆನೆಯುತ್ತದೆ. ಮೆರುಗಿನ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಪಲ್ಲಟ ತಿರುಗಣಿಯದು. ಬಿಲ್ಲಿನ ಹಗ್ಗ ಸುತ್ತಿ ಎಳೆಯುವ ಹಳೆಯ ಕೈತಿರುಗಣಿಯಲ್ಲಿ ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತುತ್ತದೆ. ವಿದ್ಯುತ್ತಿನ ತಿರುಗಣಿಯಲ್ಲಿ ಅದು ಒಂದೇ ದಿಕ್ಕಿಗೆ, ಬಹಳ ವೇಗವಾಗಿ, ನಿಲ್ಲದೆ ಸುತ್ತುವುದರಿಂದ ಬಿಸಿ ಬೇಗ ಏರಿ ಅರಗು ತಕ್ಷಣ ಹರಡುತ್ತದೆ. ಇದರಿಂದ ದಿನದ ಉತ್ಪತ್ತಿ ಹೆಚ್ಚಿತು. ಆದರೆ ಕೈ ಒಂದು ಕ್ಷಣ ಹೆಚ್ಚಿಗೆ ನಿಂತರೆ ಅರಗು ಸುಟ್ಟು ಕಪ್ಪಾಗುವ ಅಪಾಯವೂ ಅದರೊಡನೆಯೇ ಬಂತು.

ಪಶ್ಚಿಮದ ಕಡಸಲುಗಾರರು ಶೀಶೆಯಲ್ಲಿಟ್ಟುಕೊಳ್ಳುವ ಉಜ್ಜುಮೆರುಗು ಇದೇ ಅರಗಿನ ದ್ರವರೂಪ. ಅದರಲ್ಲಿ ಅರಗನ್ನು ಸ್ಪಿರಿಟ್ಟಿನಲ್ಲಿ, ಅಂದರೆ ಮದ್ಯಸಾರದಲ್ಲಿ, ಕರಗಿಸಿ ಎಣ್ಣೆಯನ್ನೋ ಮೇಣವನ್ನೋ ಸೇರಿಸುತ್ತಾರೆ. ಬಟ್ಟೆಯಲ್ಲಿ ಅದ್ದಿ ತಿರುಗುವ ಮರಕ್ಕೆ ಹಿಡಿದರೆ ಬಿಸಿಗೆ ಸ್ಪಿರಿಟ್ ಹಾರಿಹೋಗಿ ಅರಗು ನಿಲ್ಲುತ್ತದೆ, ಬಟ್ಟೆ ಕಚ್ಚದಂತೆ ಎಣ್ಣೆ ಜಾರಿಸುತ್ತದೆ. ಇಲ್ಲಿ ಎಣ್ಣೆಯ ಆಯ್ಕೆ ಮುಖ್ಯ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ. ಸ್ಪಿರಿಟ್ಟೂ ಬೇಡದ, ಎಣ್ಣೆಯನ್ನೂ ಕಾಯದ ಚನ್ನಪಟ್ಟಣದ ಒಣ ವಿಧಾನವನ್ನು ಶೀಶೆಯ ಮೆರುಗಿನ ಹಿಂದುಳಿದ ರೂಪವೆಂದು ಕಾಣುವುದು ತಪ್ಪು. ಬಣ್ಣದ ದಪ್ಪ ಪದರವನ್ನು ಒಂದೇ ಸಲಕ್ಕೆ ಕೂರಿಸುವುದರಲ್ಲಿ ಅದೇ ಮೇಲು.

ಚನ್ನಪಟ್ಟಣದ ಬೊಂಬೆಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಮಕ್ಕಳು ಬಾಯಿಗಿಡುವ ವಸ್ತುವಾದ್ದರಿಂದ ಅರಿಸಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣಗಳ ಕಡೆಗೂ ಕೆಲವು ಕುಶಲಕರ್ಮಿಗಳು ಹೊರಳಿದ್ದಾರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾದ ಗುಣಮಟ್ಟದ ಮುದ್ರೆಯಿಂದ ಭೌಗೋಳಿಕ ಸೂಚಿಕೆಯುಳ್ಳ ಸರಕಿಗೂ ನೋಂದಾಯಿತ ಕುಶಲಕರ್ಮಿಗಳ ಸರಕಿಗೂ ವಿನಾಯಿತಿ ಇದೆ. ಬಣ್ಣ ಯಾವುದಾದರೂ ಅದನ್ನು ಮರಕ್ಕೆ ಹಿಡಿದಿಡುವುದು ಅರಗೇ; ಅದು ಬಿಸಿ ಲೋಟವಿಟ್ಟರೆ ಮಂಕಾಗುತ್ತದೆ, ಸ್ಪಿರಿಟ್ ತಗುಲಿದರೆ ಕರಗುತ್ತದೆ. ಮನೆಯಲ್ಲಿ ಹಳೆಯ ತೊಟ್ಟಿಲ ಗಿಲಕಿಯೋ ಅರಗಿನ ಕುಂಕುಮದ ಭರಣಿಯೋ ಉಳಿದಿದ್ದರೆ ಅದನ್ನು ಸ್ಯಾನಿಟೈಸರಿನಿಂದ ಒರೆಸದೆ ಒಣ ಬಟ್ಟೆಯಿಂದ ಮಾತ್ರ ಒರೆಸಬೇಕು.