ಸ್ಟ್ರೊಮ್ಯಾಟೊಲೈಟ್

ಸ್ಟ್ರೊಮ್ಯಾಟೊಲೈಟ್ ಎಂಬುದು ಸೂಕ್ಷ್ಮಜೀವಿಗಳ ಸಮುದಾಯವು ನೀರಿನ ತಳದಲ್ಲಿ ಪದರಪದರವಾಗಿ ನಿರ್ಮಿಸುವ ಶಿಲಾರಚನೆ. 1908ರಲ್ಲಿ ಜರ್ಮನಿಯ ಭೂವಿಜ್ಞಾನಿ ಅರ್ನ್ಸ್ಟ್ ಕಾಲ್ಕೋವ್‌ಸ್ಕಿ ಈ ಹೆಸರನ್ನು ಬಳಕೆಗೆ ತಂದರು. ಇಂದು ಇವು ಜೀವಂತವಾಗಿ ಬೆಳೆಯುವ ತಾಣಗಳು ವಿರಳ; ಎತ್ತರದ ಪರ್ವತಪ್ರದೇಶಗಳ ಕೆಲವು ಉಪ್ಪು ಸರೋವರಗಳು ಅವುಗಳಲ್ಲಿ ಸೇರಿವೆ. ಕರ್ನಾಟಕದ ಪ್ರಾಚೀನ ಶಿಲೆಗಳಲ್ಲಿ ಇವುಗಳ ಪಳೆಯುಳಿಕೆಗಳು ದೊರೆತಿವೆ.

ರಚನೆ

ಸಯನೋಬ್ಯಾಕ್ಟೀರಿಯಾ ಮೊದಲಾದ ಜೀವಿಗಳು ತಳದಲ್ಲಿ ಚಾಪೆಯಂತೆ ಹರಡಿಕೊಳ್ಳುತ್ತವೆ. ಅವು ಸ್ರವಿಸುವ ಲೋಳೆಗೆ ಮಣ್ಣಿನ ಕಣಗಳು ಅಂಟಿಕೊಳ್ಳುತ್ತವೆ. ದ್ಯುತಿಸಂಶ್ಲೇಷಣೆಗಾಗಿ ಅವು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ನೀರಿನ ಕ್ಷಾರತೆ ಹೆಚ್ಚಿ, ಕ್ಯಾಲ್ಸಿಯಂ ಕಾರ್ಬೊನೇಟ್ ಘನರೂಪದಲ್ಲಿ ಶೇಖರವಾಗುತ್ತದೆ. ಜೀವಿಗಳು ಬೆಳಕನ್ನು ಅರಸಿ ಮೇಲೇರಿದಂತೆ ಹೊಸ ಪದರ ಮೂಡುತ್ತದೆ. ಈ ಬೆಳವಣಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ಎತ್ತರದ ಉಪ್ಪು ಸರೋವರಗಳಲ್ಲಿ

ಅರ್ಜೆಂಟೀನಾದ ಆಂಡೀಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ 3,500 ಮೀಟರಿಗೂ ಎತ್ತರದಲ್ಲಿರುವ ಸೊಕೊಂಪಾ ಸರೋವರದಲ್ಲಿ ಜೀವಂತ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅದೇ ದೇಶದ ಲಗುನಾ ನೆಗ್ರಾದಲ್ಲಿ ಸೂಕ್ಷ್ಮಜೀವಿಗಳ ಚಾಪೆಗಳ ನಡುವೆ ದುಂಡನೆಯ, ಪದರಗಳುಳ್ಳ ಕಾರ್ಬೊನೇಟ್ ಕಲ್ಲುಗಳು ಬೆಳೆಯುತ್ತವೆ. ತೀವ್ರ ಅತಿನೇರಳೆ ಕಿರಣ, ಅಧಿಕ ಉಪ್ಪು, ಹಗಲುರಾತ್ರಿಗಳ ಉಷ್ಣತೆಯ ಅಂತರ ಇವುಗಳಿಂದಾಗಿ ಚಾಪೆಗಳನ್ನು ಮೇಯುವ ಪ್ರಾಣಿಗಳು ಇಲ್ಲಿ ಕಡಿಮೆ. ಆದುದರಿಂದ ಅವು ಉಳಿದಿವೆ. ನೀರು ಆವಿಯಾದಂತೆ ಮೊದಲು ಕಾರ್ಬೊನೇಟ್, ಅನಂತರ ಜಿಪ್ಸಂ, ಕೊನೆಗೆ ಅಡುಗೆ ಉಪ್ಪು ಹರಳುಗಟ್ಟುತ್ತವೆ.

ಕರ್ನಾಟಕದಲ್ಲಿ

ಕರ್ನಾಟಕದ ಪಳೆಯುಳಿಕೆಗಳು ರೂಪುಗೊಂಡದ್ದು ಪರ್ವತ ಸರೋವರಗಳಲ್ಲಲ್ಲ, ಆಳವಿಲ್ಲದ ಪುರಾತನ ಕಡಲುಗಳಲ್ಲಿ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಪರಿಸರದಲ್ಲಿ ಹಾಗೂ ಸಂಡೂರಿನಲ್ಲಿ ದೊರೆತವು 250 ಕೋಟಿ ವರ್ಷಗಳಿಗಿಂತ ಹಳೆಯವು. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಲಿನ ಡಾಲೊಮೈಟ್ ಶಿಲೆಗಳಲ್ಲಿಯೂ ಇವು ಕಂಡುಬರುತ್ತವೆ. ಇವು ಕಲಾದಗಿ ಶಿಲಾಸಮೂಹಕ್ಕೆ ಸೇರಿವೆ. ಗದಗ ಜಿಲ್ಲೆಯ ಸೂಡಿಗೆ ಸಮೀಪದ ಗಜೇಂದ್ರಗಡದ ಬೆಟ್ಟಗಳೂ ಇದೇ ಶಿಲಾಸಮೂಹದವು. ಆದರೆ ಅಲ್ಲಿರುವುದು ಅದರ ಮೇಲಿನ, ವಯಸ್ಸಿನಲ್ಲಿ ಕಿರಿಯದಾದ ಮರಳುಗಲ್ಲು. ಸ್ಟ್ರೊಮ್ಯಾಟೊಲೈಟ್‌ಗಳಿರುವುದು ಕೆಳಸ್ತರದ ಹಳೆಯ ಶಿಲೆಗಳಲ್ಲಿ.

ಮಹತ್ವ ಮತ್ತು ಸಂರಕ್ಷಣೆ

ವಾಯುಮಂಡಲಕ್ಕೆ ಆಮ್ಲಜನಕವನ್ನು ತುಂಬಿದ ಜೀವಿಗಳ ಕುರುಹುಗಳು ಈ ಶಿಲೆಗಳಲ್ಲಿ ಉಳಿದಿವೆ. ಅವುಗಳನ್ನು ಓದಲು ಇಂದಿನ ಉಪ್ಪು ಸರೋವರಗಳು ನೆರವಾಗುತ್ತವೆ. ಎರಡಕ್ಕೂ ಅಪಾಯವಿದೆ: ಆಂಡೀಸ್ ಪ್ರದೇಶದಲ್ಲಿ ಲಿಥಿಯಂಗಾಗಿ ಉಪ್ಪುನೀರನ್ನು ಮೇಲೆತ್ತಲಾಗುತ್ತಿದೆ, ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟಿಗಾಗಿ ಸುಣ್ಣಕಲ್ಲನ್ನು ತೆಗೆಯಲಾಗುತ್ತಿದೆ. ರಾಜಸ್ಥಾನದ ಭೋಜುಂಡ ಮತ್ತು ಝಾಮರ್‌ಕೋಟ್ರದ ಸ್ಟ್ರೊಮ್ಯಾಟೊಲೈಟ್ ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಲಾಗಿದೆ. ಗುರುತಿಸುವ ಮುನ್ನವೇ ಒಡೆದುಹೋದ ಇಂಥ ಶಿಲೆಯನ್ನು ಮರಳಿ ಪಡೆಯಲಾಗದು.