ಮುಪ್ಪಿನ ಲೆಕ್ಕ

1998ರ ಮೇ ತಿಂಗಳಲ್ಲಿ ನಮ್ಮ ತಂದೆಯವರಿಗೆ ಏಕಕಾಲಕ್ಕೆ ಎರಡು ವಯಸ್ಸುಗಳಿದ್ದವು. ಜಾತಕದ ಪ್ರಕಾರ ಅವರು ಬಹುಧಾನ್ಯ ಸಂವತ್ಸರದ ಜ್ಯೇಷ್ಠ ಮಾಸದಲ್ಲಿ, ಅಂದರೆ 1938ರಲ್ಲಿ ಹುಟ್ಟಿದವರು, ಅರವತ್ತು ತುಂಬುವುದಿತ್ತು. ಕಚೇರಿಯ ಸರ್ವಿಸ್ ಬುಕ್ಕಿನ ಪ್ರಕಾರ 1940ರ ಜೂನ್ 1ರಂದು ಹುಟ್ಟಿದವರು; ಐವತ್ತೆಂಟು ತುಂಬುವುದಿತ್ತು. ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜ ಅವರನ್ನು ಕನ್ನಡ ಶಾಲೆಗೆ ಕರೆದೊಯ್ದಾಗ, ಮಾಸ್ತರರು ಹುಡುಗನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಶಾಲೆ ಆರಂಭವಾಗುವ ತಾರೀಖನ್ನೇ ಹುಟ್ಟಿದ ತಾರೀಖೆಂದು ಬರೆದುಕೊಂಡರಂತೆ. ಜೂನ್ ಒಂದಕ್ಕೆ ಹುಟ್ಟಿದ ಹಿರಿಯರು ವಾಚಕರ ಮನೆಗಳಲ್ಲೂ ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

ಸರಕಾರಿ ನೌಕರನು ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಆದರೆ ಒಂದನೆಯ ತಾರೀಖಿಗೆ ಹುಟ್ಟಿದವನು ಅದರ ಹಿಂದಿನ ತಿಂಗಳ ಕೊನೆಗೇ ಮನೆಗೆ ಹೋಗಬೇಕು. ಹೀಗಾಗಿ ಮೇ 31 ತಂದೆಯವರ ಕೊನೆಯ ದಿನವೆಂದು ಗೊತ್ತಾಗಿತ್ತು. ಮುಂಬಯಿಯ ಕ್ವಾರ್ಟರ್ಸ್ ಬಿಡುವುದು, ಧಾರವಾಡಕ್ಕೆ ಮರಳುವುದು, ಅಲ್ಲೇ ಅರವತ್ತರ ಶಾಂತಿ ಮಾಡಿಸುವುದು, ಇಷ್ಟೂ ತೀರ್ಮಾನವಾಗಿತ್ತು. ಅವ್ವ ಸ್ಟೀಲಿನ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ್ದಳು. ಷಷ್ಟ್ಯಬ್ದಿಯ ಕರೆಯೋಲೆ ಮಾತ್ರ ಕಚೇರಿಯ ಯಾರಿಗೂ ಹೋಗಕೂಡದೆಂದು ತಂದೆಯವರ ಕಟ್ಟಪ್ಪಣೆ. ಐವತ್ತೆಂಟರ ಗುಮಾಸ್ತನಿಗೆ ಅರವತ್ತರ ಶಾಂತಿ ಹೇಗೆ ನಡೆದೀತು!

ಅಷ್ಟರಲ್ಲಿ ದಿಲ್ಲಿಯಿಂದ ಆಜ್ಞೆ ಬಂತು: ಕೇಂದ್ರ ನೌಕರರ ನಿವೃತ್ತಿ ವಯಸ್ಸು ಇನ್ನು 58 ಅಲ್ಲ, 60. ಪೋಖರಣದ ಅಣುಸ್ಫೋಟದ ಗದ್ದಲದ ನಡುವೆ ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇದೇ ಆಯಿತು. ಹಿಂದಿನ ದಿನ ಬೆನ್ನು ಬಾಗಿಸಿ ಲೋಕಲ್ ಹತ್ತುತ್ತಿದ್ದ ಮನುಷ್ಯ ಮರುದಿನ ನೆಟ್ಟಗೆ ನಿಂತು ಕ್ಷೌರ ಮಾಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಅವ್ವ ಡಬ್ಬಿಗಳನ್ನು ಮತ್ತೆ ಹೊರಗೆ ತೆಗೆದಳು, ಏನೂ ಮಾತನಾಡಲಿಲ್ಲ.

ಒಂದು ಕಾಗದದಿಂದ ಮುಪ್ಪು ಎರಡು ವರ್ಷ ಮುಂದೆ ಹೋಗಬಹುದಾದರೆ, ಅದನ್ನು ಮೊದಲು ನಿಲ್ಲಿಸಿದವರಾದರೂ ಯಾರು? ಈಗ ನಾನೂ ಅಂಥದೇ ಒಂದು ಕಚೇರಿಯ ಮೇಜಿನ ಹಿಂದೆ ಕೂತಿರುವುದರಿಂದ ಹಳೆಯ ನಿಯಮಗಳನ್ನು ತಿರುವಿಹಾಕುವ ಚಟ ಅಂಟಿಕೊಂಡಿದೆ.

ಬ್ರಿಟಿಷರು 1922ರಲ್ಲಿ ಜಾರಿಗೆ ತಂದ ಮೂಲ ನಿಯಮಾವಳಿಯ 56ನೆಯ ನಿಯಮ ನಿವೃತ್ತಿಗೆ 55 ವರ್ಷ ಗೊತ್ತುಮಾಡಿತ್ತು. ಇದರಲ್ಲೊಂದು ಸ್ವಾರಸ್ಯವಿದೆ. ಅಂದಿನ ಗುಮಾಸ್ತ ವರ್ಗದವರನ್ನು, ಕೆಲಸದಲ್ಲಿ ದಕ್ಷತೆ ಇರುವ ತನಕ, ಸಾಮಾನ್ಯವಾಗಿ 60ರವರೆಗೆ ಇಟ್ಟುಕೊಳ್ಳಬೇಕೆಂದು ಅದೇ ನಿಯಮ ಹೇಳಿತ್ತು. 1938ರ ಮಾರ್ಚ್ 31ರ ನಂತರ ಸೇರಿದವರಿಗೆ ಆ ಸವಲತ್ತು ತಪ್ಪಿತು. ಸಾಹೇಬ 55ಕ್ಕೆ ಮುದುಕ, ಅವನ ಕಡತ ಹೊತ್ತ ಗುಮಾಸ್ತ 60ರವರೆಗೂ ತರುಣ! ಸ್ವಾತಂತ್ರ್ಯದ ಮೇಲೂ 55 ಮುಂದುವರಿದು, ಚೀನಾ ಯುದ್ಧ ನಿಂತ ಕೆಲವೇ ದಿನಗಳಲ್ಲಿ, 1962ರ ಡಿಸೆಂಬರ್ 1ರಿಂದ, 58 ಆಯಿತು. ಐದನೆಯ ವೇತನ ಆಯೋಗದ ಶಿಫಾರಸಿನ ಮೇಲೆ 1998ರಲ್ಲಿ 60. ಈ ಮೂರರಲ್ಲಿ ಯಾವುದೂ ವೈದ್ಯರು ನಾಡಿ ಹಿಡಿದು ಹೇಳಿದ ಸಂಖ್ಯೆಯಲ್ಲ. ಬೊಕ್ಕಸದಲ್ಲಿ ಎಷ್ಟಿದೆ, ಪೆನ್ಶನ್ ಎಷ್ಟು ಕೊಡಬೇಕಾದೀತು, ಪಳಗಿದ ಕೈ ಎಷ್ಟು ಬೇಕು ಎಂಬ ಲೆಕ್ಕವೇ ಇದರಲ್ಲಿ ಹೆಚ್ಚೆಂದು ನನ್ನ ಅಭಿಪ್ರಾಯ.

ಹೊರದೇಶಗಳ ಕಥೆಯೂ ಬೇರೆಯಲ್ಲ. ಕಾರ್ಮಿಕರಿಗೆ ವೃದ್ಧಾಪ್ಯ ವಿಮೆಯ ಕಾನೂನನ್ನು ಜರ್ಮನಿ 1889ರಲ್ಲಿ ಮಾಡಿತು. ಆಗ ಬಿಸ್ಮಾರ್ಕ್ ಚಾನ್ಸಲರ್. ತನ್ನ ವಯಸ್ಸು 65 ಇದ್ದುದರಿಂದ ಅವನು ಅದನ್ನೇ ಗೊತ್ತುಮಾಡಿದನೆಂದು ಹೇಳುವುದುಂಟು, ಇದು ಕಟ್ಟುಕಥೆ. ಕಾನೂನಿನಲ್ಲಿದ್ದದ್ದು 70, ಅವನ ವಯಸ್ಸು ಆಗ 74. 1916ರಲ್ಲಷ್ಟೇ ಅದು 65ಕ್ಕೆ ಇಳಿಯಿತು. ಬ್ರಿಟನ್ನಿನವರು 1908ರಲ್ಲಿ ಕಾನೂನು ಮಾಡಿ, 1909ರ ಜನವರಿ 1ರಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ ಕೊಡತೊಡಗಿದರು.

ಆಗ ಅವರ ಆಳ್ವಿಕೆಯಲ್ಲಿದ್ದ ಐರ್ಲೆಂಡಿನಲ್ಲಿ ನಡೆದದ್ದನ್ನು ಓದಿದಾಗ ನಮ್ಮ ಹಳ್ಳಿಯ ಮಾಸ್ತರರೇ ಕಣ್ಣ ಮುಂದೆ ಬಂದರು. ಅಲ್ಲಿ ಎಲ್ಲರ ಜನನ ನೋಂದಣಿ ಕಡ್ಡಾಯವಾದದ್ದು 1864ರಲ್ಲಿ. ಎಪ್ಪತ್ತರ ಮುದುಕ ತನ್ನ ವಯಸ್ಸಿಗೆ ಯಾವ ಕಾಗದ ತೋರಿಸಬೇಕು? 1839ರ ಜನವರಿ 6ರ ರಾತ್ರಿ ಆ ದ್ವೀಪವನ್ನು ಭಾರೀ ಬಿರುಗಾಳಿ ಅಲುಗಾಡಿಸಿತ್ತು. ಆ ರಾತ್ರಿಯ ನೆನಪಿದೆ ಎಂದು ಹೇಳಿದವರನ್ನು ಅಧಿಕಾರಿಗಳು ಪೆನ್ಶನ್ನಿಗೆ ಅರ್ಹರೆಂದು ಒಪ್ಪಿಕೊಂಡರು. ಎಷ್ಟು ಜನರಿಗೆ ಆ ಗಾಳಿಯ ನೆನಪು ಒಮ್ಮೆಲೇ ಬಂದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಬರ ಬಿದ್ದ ವರ್ಷ, ಪ್ಲೇಗು ಬಂದ ವರ್ಷ ಎಂದು ವಯಸ್ಸು ಹೇಳುತ್ತಿದ್ದ ನಮ್ಮ ಅಜ್ಜಿಯರಿಗೂ ಅವರಿಗೂ ಏನು ಅಂತರ?

ನಮ್ಮ ಹಿಂದಿನವರು ಮುಪ್ಪಿಗೆ ಸಂಖ್ಯೆಯನ್ನೇ ಇಟ್ಟಿರಲಿಲ್ಲವೆನ್ನಬಹುದು. ಮೈ ಸುಕ್ಕುಗಟ್ಟಿ, ಕೂದಲು ನೆರೆತು, ಮೊಮ್ಮಗ ಹುಟ್ಟಿದ್ದನ್ನು ಕಂಡಾಗ ಗೃಹಸ್ಥನು ಕಾಡಿಗೆ ಹೋಗಲಿ ಎನ್ನುತ್ತದೆ ಮನುಸ್ಮೃತಿ. ಎಷ್ಟನೆಯ ವರ್ಷಕ್ಕೆಂದು ಹೇಳುವುದಿಲ್ಲ. ಷಷ್ಟ್ಯಬ್ದಿಯ ಅರವತ್ತು ಬಂದದ್ದು ಆಕಾಶದಿಂದ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ ತಿರುಗಿ, ಹುಟ್ಟಿದ ಸಂವತ್ಸರ ಮತ್ತೆ ಬರುತ್ತದೆ. ಬಿ.ಎಸ್ಸಿ. ಓದಿದ್ದರ ಫಲವಾಗಿ ಇದನ್ನೂ ಲೆಕ್ಕ ಹಾಕಿ ನೋಡಿದೆ. ಗುರುವಿನ ಒಂದು ಸುತ್ತಿಗೆ 11.86 ವರ್ಷ, ಐದು ಸುತ್ತಿಗೆ 59.3, ಶನಿಗೆ 29.46, ಎರಡು ಸುತ್ತಿಗೆ 58.9. ಎರಡೂ ಅರವತ್ತರ ಹತ್ತಿರವೇ. ಅಂದರೆ ಆ ಶಾಂತಿಯಲ್ಲಿ ಮುದುಕನಾದದ್ದಕ್ಕಿಂತ ಒಂದು ಸುತ್ತು ಮುಗಿದು ಮತ್ತೆ ಮೊದಲಿಗೆ ಬಂದದ್ದೇ ಮುಖ್ಯ. ಗಂಡಹೆಂಡಿರನ್ನು ಮತ್ತೊಮ್ಮೆ ಹಸೆಯ ಮೇಲೆ ಕೂಡಿಸುವುದು ಇನ್ನೇತಕ್ಕೆ?

ಹಿಂದಿನ ಕಾಲದಲ್ಲಿ ನಲವತ್ತಕ್ಕೇ ಮುದುಕರಾಗುತ್ತಿದ್ದರೆಂಬ ಮಾತೂ ಸರಿಯಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸು. ಆದರೆ ಆ 32 ಅಷ್ಟು ಕಡಿಮೆಯಾದದ್ದು ಮುಖ್ಯವಾಗಿ ಎಳೆಯ ಕೂಸುಗಳು ಸಾಯುತ್ತಿದ್ದುದರಿಂದ. ಬಾಲ್ಯವನ್ನು ದಾಟಿ ಉಳಿದವರಲ್ಲಿ ಅರವತ್ತು ಎಪ್ಪತ್ತು ಕಂಡವರು ಆಗಲೂ ಇದ್ದರು.

ವಿಶ್ವೇಶ್ವರಯ್ಯನವರನ್ನೇ ನೋಡಿರಿ. ಖಡಕ್‌ವಾಸ್ಲಾಕ್ಕೆ ಸ್ವಯಂಚಾಲಿತ ಬಾಗಿಲು ಕೂಡಿಸಿ ಪುಣೆಯವರಿಗೆ ಪರಿಚಿತರಾಗಿದ್ದ ಅವರು ಮುಂಬಯಿ ಸರಕಾರದ ಕೆಲಸ ಬಿಟ್ಟದ್ದು 1908ರಲ್ಲಿ, ಐವತ್ತು ತುಂಬುವ ಮೊದಲೇ. ಅಂದಿಗೆ ಅವರು ಪೆನ್ಶನ್ ಹಿಡಿದು ಸುಮ್ಮನೆ ಕೂತಿದ್ದರೆ? ಮೂಸಿ ನದಿಯ ಮಹಾಪೂರದ ನಂತರ ಹೈದರಾಬಾದಿನ ರಕ್ಷಣೆಯ ಯೋಜನೆ, 1912ರಿಂದ 1918ರವರೆಗೆ ಮೈಸೂರಿನ ದಿವಾನಗಿರಿ, ಅರವತ್ತು ದಾಟಿದ ಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ, ಎಲ್ಲವೂ ಆ ನಿವೃತ್ತಿಯ ಆಚೆಗಿನವು. 1955ರಲ್ಲಿ ಭಾರತರತ್ನ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಎಲ್ಲರೂ ವಿಶ್ವೇಶ್ವರಯ್ಯನವರಾಗಲು ಬರುವುದಿಲ್ಲ, ಒಪ್ಪಿದೆ.

ಇಂದಾದರೂ ಒಂದೇ ಸಂಖ್ಯೆ ಇದೆಯೇ ಎಂದರೆ ಅದೂ ಇಲ್ಲ. ಹೈಕೋರ್ಟಿನ ನ್ಯಾಯಮೂರ್ತಿ 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ ಇಳಿಯುತ್ತಾರೆ. ಆದಾಯ ತೆರಿಗೆಯವರ ಕಣ್ಣಿನಲ್ಲಿ 2011ರವರೆಗೆ 65ಕ್ಕೆ ಹಿರಿಯ ನಾಗರಿಕ. ಆ ವರ್ಷ ಅದನ್ನು 60ಕ್ಕಿಳಿಸಿ, 80 ದಾಟಿದವರ ಹೊಸ ವರ್ಗವೊಂದನ್ನು ಮಾಡಿದರು. ರೈಲಿನ ರಿಯಾಯತಿ ಗಂಡಸರಿಗೆ 60, ಹೆಂಗಸರಿಗೆ 58 ಎಂದಿತ್ತು. 2020ರ ಮಾರ್ಚಿನಲ್ಲಿ ಅದೂ ನಿಂತಿತು. ನನಗೀಗ ನಲವತ್ತನಾಲ್ಕು. ಲೋಕಲಿನಲ್ಲಿ ಹುಡುಗರು ಅಂಕಲ್ ಎನ್ನುತ್ತಾರೆ, ಕಚೇರಿಯಲ್ಲಿ ಸಾಹೇಬರು ಇನ್ನೂ ಹುಡುಗ ಎನ್ನುತ್ತಾರೆ.

ನಮ್ಮಂಥ ಹೊರನಾಡಿನವರಿಗೆ ಈ ಸಂಖ್ಯೆ ಬರೀ ಸಂಬಳದ ಮಾತಲ್ಲ, ಊರಿಗೆ ಮರಳುವ ತಾರೀಖು. 1998ರಲ್ಲಿ ಅರವತ್ತರ ಶಾಂತಿಯನ್ನು ತಂದೆಯವರು ನಾಲ್ಕು ದಿನ ರಜೆ ಹಾಕಿ, ಊರಿಗೆ ಹೋಗಿ, ಗುಟ್ಟಾಗಿ ಮುಗಿಸಿಕೊಂಡು ಬಂದರು. 2000ದ ಮೇ 31ರಂದು ಕಾಗದದ ಅರವತ್ತಕ್ಕೆ ನಿವೃತ್ತರಾಗುವ ಹೊತ್ತಿಗೆ ನನ್ನ ಓದು ಇಲ್ಲೇ ನಡೆದಿತ್ತು, ಧಾರವಾಡದ ಮನೆಯ ಬಾಡಿಗೆದಾರರು ಬಿಡಲೊಲ್ಲರು. ಊರಿಗೆ ಹೋಗುವುದು ಇನ್ನೊಂದು ವರ್ಷ, ಮತ್ತೊಂದು ವರ್ಷ ಎಂದು ಹೋಗಲೇ ಇಲ್ಲ. ಆ ಎರಡು ವರ್ಷ ಬರದಿದ್ದರೆ ತಾನು ಇವತ್ತು ಧಾರವಾಡದಲ್ಲಿರುತ್ತಿದ್ದೆ ಎಂದು ಅವ್ವ ಈಗಲೂ ಅನ್ನುತ್ತಾಳೆ.

2019ರ ಏಪ್ರಿಲ್ ಹೊತ್ತಿಗೆ, ಎಂಬತ್ತು ವರ್ಷ ಹತ್ತು ತಿಂಗಳು ತುಂಬಿ, ತಂದೆಯವರು ಸಾವಿರ ಹುಣ್ಣಿಮೆ ಕಂಡಂತಾಯಿತು. ಕೇಂದ್ರದ ಪೆನ್ಶನ್‌ದಾರರಿಗೆ ಎಂಬತ್ತಕ್ಕೆ ಮೂಲ ಪೆನ್ಶನ್ನಿನ ಮೇಲೆ ಶೇಕಡಾ 20 ಹೆಚ್ಚು ಕೊಡುವ ನಿಯಮವಿದೆ. ಅದಕ್ಕೆ ಮಾತ್ರ ಅವರು ಕಾಗದದ ಎಂಬತ್ತರವರೆಗೆ, 2020ರ ಜೂನ್‌ವರೆಗೆ, ಕಾಯಬೇಕಾಯಿತು. ಹಣ ಜಮಾ ಆದ ದಿನ ಪಾಸ್‌ಬುಕ್ಕನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ನಮ್ಮ ಮಾಸ್ತರರು ಎರಡು ವರ್ಷದ ಪಗಾರ ಕೊಡಿಸಿದರು, ಎರಡು ವರ್ಷದ ಇದನ್ನ ಕಸಗೊಂಡರು ನೋಡೋ. ಲೆಕ್ಕ ಹಾಕು, ಯಾವುದು ಹೆಚ್ಚಾತು?" ಎಂದರು. ನಾನು ಹಾಕತೊಡಗಿದೆ. ಒಳಗಿನಿಂದ ಅವ್ವ, "ನನ್ನ ಧಾರವಾಡನೂ ಅದರಾಗ ಕೂಡಿಸಿಕೊಳ್ಳಪಾ" ಎಂದಳು.